ತಿರುವಿನ ಲೆಕ್ಕ ಸರಳ ಬಡ್ಡಿಯದಲ್ಲ

ನಾನು ಓದಿದ್ದು ಬಿ.ಕಾಂ., ತಲೆ ನರೆತದ್ದು ಬ್ಯಾಂಕಿನ ಬಡ್ಡಿ ಲೆಕ್ಕದಲ್ಲಿ. ಆದರೂ ವಿಶಾಖಪಟ್ಟಣದಲ್ಲಿ ಇಷ್ಟು ವರ್ಷ ಕಾರು ಓಡಿಸಿದ ಮೇಲೆ ಅನಿಸುತ್ತಿದೆ, ಗಾಡಿ ಓಡಿಸುವವರಿಗೆಲ್ಲ ಭೌತಶಾಸ್ತ್ರದ ಒಂದೇ ಒಂದು ಸೂತ್ರ ಗೊತ್ತಿರಬೇಕಿತ್ತು ಅಂತ.

ಗಾಡಿ ತಿರುಗಬೇಕಾದರೆ ಅದನ್ನು ತಿರುವಿನ ಒಳಗಡೆಗೆ ಎಳೆಯುವ ಬಲ ಬೇಕು. ಇದೇ ಕೇಂದ್ರಾಭಿಮುಖ ಬಲ. ಲೆಕ್ಕ ಇಷ್ಟೇ: ಗಾಡಿಯ ಕೆ.ಜಿ.ಯನ್ನು ವೇಗದಿಂದ ಎರಡು ಸಲ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಿ. ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದಿರಬೇಕು.

1,000 ಕೆ.ಜಿ. ಕಾರು, 50 ಮೀಟರ್ ತ್ರಿಜ್ಯದ ತಿರುವು ಅಂತಿಟ್ಟುಕೊಳ್ಳಿ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಬೇಕಾದ ಬಲ 2,000 ನ್ಯೂಟನ್. 54 ಕಿ.ಮೀ.ಗೆ 4,500. 72ಕ್ಕೆ 8,000! ವೇಗ ಎರಡು ಪಟ್ಟು, ಬಲ ನಾಲ್ಕು ಪಟ್ಟು.

ಸಮತಟ್ಟು ರಸ್ತೆಯಲ್ಲಿ ಈ ಬಲ ಬರುವುದು ಟೈರಿನ ಹಿಡಿತದಿಂದ ಮಾತ್ರ. ಒಣ ಡಾಂಬರಿನಲ್ಲಿ ಈ ಕಾರಿಗೆ ಸುಮಾರು 7,000 ನ್ಯೂಟನ್ ಹಿಡಿತ ಸಿಗಬಹುದು, ಮಳೆಯಲ್ಲಿ 4,000ಕ್ಕೆ ಇಳಿಯಬಹುದು. ಅಂದರೆ ನಿನ್ನೆ 54ರಲ್ಲಿ ಸಲೀಸಾಗಿ ದಾಟಿದ ತಿರುವಿನಲ್ಲೇ ಇವತ್ತು ಜಾರುತ್ತೀರಿ. "ಲೋಡ್ ಇದ್ದರೆ ಗಾಡಿ ಗಟ್ಟಿ ಕೂರುತ್ತೆ" ಅನ್ನುವ ಮಾತೂ ನಂಬಬೇಡಿ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ ನಿಜ, ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಎತ್ತರಕ್ಕೆ ಪೇರಿಸಿದ ಲಾರಿಯಂತೂ ಜಾರುವ ಮೊದಲೇ ಮಗುಚುತ್ತದೆ.

ಎಂಜಿನಿಯರರು ತಿರುವಿನ ಹೊರ ಅಂಚನ್ನು ಎತ್ತರಿಸಿ ಟೈರಿಗೆ ನೆರವಾಗುತ್ತಾರೆ. ಆದರೆ ಆ ಓರೆಯೂ ಒಂದು ವೇಗಕ್ಕೆಂದೇ ಲೆಕ್ಕ ಹಾಕಿದ್ದು. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಬುಡದಲ್ಲಿ, ಕೃಷ್ಣೆಯ ದಡದುದ್ದಕ್ಕೂ ಬಾಗಿ ಸಾಗುವ ಕನಕದುರ್ಗ ಫ್ಲೈಓವರ್ 2020ರಲ್ಲಿ ತೆರೆಯಿತು. ರಸ್ತೆ ಖಾಲಿ ಕಂಡರೆ ಸಾಕು, ಹುಡುಗರಿಗೆ ಬೈಕಿನ ಕಿವಿ ಹಿಂಡುವ ಚಪಲ. ನಮ್ಮ ಅರಕು ಘಾಟಿಯಲ್ಲಿ, ಅನಂತಗಿರಿ ಬಳಿಯ ಡಮುಕು ತಿರುವಿನಲ್ಲಿ, 2021ರ ಫೆಬ್ರವರಿಯಲ್ಲಿ ಪ್ರವಾಸಿ ಬಸ್ಸೊಂದು ಕಂದಕಕ್ಕೆ ಬಿದ್ದು ನಾಲ್ವರು ಸತ್ತರು. ಇಳಿಜಾರಿನಲ್ಲಿ ವೇಗ ತಾನಾಗೇ ಏರುತ್ತದೆ, ತಿರುವು ಮಾತ್ರ ಹಿಗ್ಗುವುದಿಲ್ಲ.

"ನಿಧಾನವಾಗಿ ಚಲಿಸಿ" ಅಂದರೆ ಎಷ್ಟು ನಿಧಾನ? ಸಾಲಪತ್ರದಲ್ಲಿ "ಬಡ್ಡಿ ಸ್ವಲ್ಪ" ಅಂತ ಬರೆದರೆ ನೀವು ಸಹಿ ಹಾಕುತ್ತೀರಾ? ಪ್ರತಿ ಅಪಾಯದ ತಿರುವಿಗೂ ಅದರದೇ ವೇಗ ಬರೆಯಲಿ, ಮಳೆಗಾಲಕ್ಕೆ ಬೇರೆ ಅಂಕಿ ಇರಲಿ. ಲೈಸೆನ್ಸ್ ಪರೀಕ್ಷೆಯಲ್ಲಿ "ವೇಗ ದುಪ್ಪಟ್ಟಾದರೆ ಬಲ ಎಷ್ಟು ಪಟ್ಟು?" ಅಂತ ಒಂದು ಪ್ರಶ್ನೆ ಕೇಳಲಿ. ಬೋರ್ಡಿಗೆ ತಗಲುವ ಖರ್ಚು ಆಸ್ಪತ್ರೆ ಬಿಲ್ಲಿಗಿಂತ ಕಡಿಮೆಯೇ.

ಊರಿನಿಂದ ಅರಕು ನೋಡಲು ಬರುವ ನೆಂಟರಿಗೆ ನಾನಂತೂ ಈ ಲೆಕ್ಕ ಒಪ್ಪಿಸಿಯೇ ಕಾರಿನ ಕೀ ಕೊಡುವುದು. ನೀವೇನಂತೀರಿ?