ಬೀದಿಯ ಬೆಕ್ಕಿನ ಮರಿ ಮನೆಯ ಬೆಕ್ಕಾಗುವುದು ಹೇಗೆ?

ಅಟ್ಟದ ಮೂಲೆ, ಸೌದೆ ಕೊಟ್ಟಿಗೆ, ಇಟ್ಟಿಗೆ ರಾಶಿಯ ಸಂದು, ಬಹಳ ದಿನದಿಂದ ನಿಂತೇ ಇರುವ ಕಾರಿನ ಅಡಿ - ಬೀದಿಯ ಬೆಕ್ಕು ಮರಿ ಹಾಕಲು ಆರಿಸಿಕೊಳ್ಳುವ ಜಾಗಗಳಿವು. ಅವನ್ನು ಮೊದಲು ಪತ್ತೆಹಚ್ಚುವವರು ಮಕ್ಕಳೇ. ‘ಅಮ್ಮಾ, ಒಂದೇ ಒಂದು ಮರಿ ಸಾಕೋಣ’ ಎಂಬ ಗೋಗರೆತಕ್ಕೆ ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಉತ್ತರ ಎಷ್ಟೋ ಮನೆಗಳಲ್ಲಿ ಸಿದ್ಧವಾಗಿರುತ್ತದೆ. ಆದರೆ ಬೆಕ್ಕಿನ ಮರಿಯ ವಿಷಯದಲ್ಲಿ ‘ಆಮೇಲೆ’ ಎಂಬುದು ಬಹಳ ದೂರದ ಮಾತು. ಅದು ಮನುಷ್ಯರನ್ನು ನಂಬಲು ಕಲಿಯುವ ಕಾಲ ಕೆಲವೇ ವಾರಗಳದ್ದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೇ ಓಡುತ್ತಿತ್ತಂತೆ. ನಗಿಸಲು ಹುಟ್ಟಿದ ಕಥೆಯಾದರೂ ಅದರ ತಿರುಳು ಸುಳ್ಳಲ್ಲ. ಎಳವೆಯಲ್ಲಿ ಮನುಷ್ಯನ ಕೈಯಿಂದ ಹಿತವನ್ನು ಕಂಡ ಮರಿ ಮನುಷ್ಯನನ್ನು ನಂಬುತ್ತದೆ. ಹೆದರಿಕೆಯನ್ನೇ ಕಂಡದ್ದು ಅಥವಾ ಮನುಷ್ಯನನ್ನೇ ಕಾಣದೆ ಬೆಳೆದದ್ದು ದೂರವೇ ಉಳಿಯುತ್ತದೆ. ಅಮೆರಿಕದ ವಿಜ್ಞಾನಿ ಐಲೀನ್ ಕಾರ್ಷ್ 1980ರ ದಶಕದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗಿನ ಅವಧಿಯೇ ನಂಟು ಬೆಳೆಯಲು ಅತ್ಯುತ್ತಮ ಎಂದು ಕಂಡುಬಂತು. ದಿನಕ್ಕೆ 15 ನಿಮಿಷ ಕೈಯಲ್ಲಿ ಹಿಡಿದು ಆಡಿಸಿದ ಮರಿಗಳಿಗಿಂತ 40 ನಿಮಿಷ ಆಡಿಸಿದ ಮರಿಗಳು ಜನರಿಗೆ ಹೆಚ್ಚು ಹತ್ತಿರವಾದವು.

ಹಾಗೆಂದು ಕಂಡ ಕೂಡಲೇ ಮರಿಯನ್ನು ಎತ್ತಿ ತರಬಾರದು. ತಾಯಿ ಕಾಣದಿದ್ದರೆ ಅದು ಆಹಾರ ಹುಡುಕಲು ಹೋಗಿರಬಹುದು. ಕೆಲವು ಗಂಟೆ ದೂರದಿಂದಲೇ ಗಮನಿಸುವುದು ಸರಿ. ‘ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ’ ಎಂದು ಹಿರಿಯರು ಹೇಳುವುದುಂಟು. ಮನೆಗಳ ಲೆಕ್ಕ ಏನೇ ಇರಲಿ, ಜನರ ಗದ್ದಲ ಹೆಚ್ಚಾದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದು ನಿಜ.

ಮರಿಯ ವಯಸ್ಸನ್ನು ಅಂದಾಜು ಮಾಡುವುದು ಕಷ್ಟವಲ್ಲ. ಎರಡನೇ ವಾರದಲ್ಲಿ ಕಣ್ಣು ಬಿಡುತ್ತದೆ. ಮೂರನೇ ವಾರದಲ್ಲಿ ತಡವರಿಸುತ್ತಾ ನಡೆಯುತ್ತದೆ. ನಾಲ್ಕು ವಾರ ದಾಟಿದ ಮೇಲೆ ಮೆತ್ತಗಿನ ಆಹಾರಕ್ಕೆ ಬಾಯಿ ಹಾಕುತ್ತದೆ. ಐದಾರು ವಾರಕ್ಕೆ ಓಟ, ಜಿಗಿತ, ಜಗಳ ಎಲ್ಲವೂ ಶುರು. ತಾಯಿ ಇರುವಾಗ ಅಲ್ಲಿಯವರೆಗೆ ಮರಿಯನ್ನು ಬೇರ್ಪಡಿಸದಿರುವುದು ಒಳ್ಳೆಯದು. ತಾಯಿ ಜನರಿಗೆ ಒಗ್ಗಿದ್ದರೆ ಎಂಟು ವಾರದವರೆಗೂ ಅದರ ಜೊತೆಯಲ್ಲೇ ಬಿಟ್ಟು, ದಿನವೂ ಹೋಗಿ ಮರಿಗಳನ್ನು ಮುಟ್ಟಿ ಮಾತನಾಡಿಸಬಹುದು. ತಾಯಿಯಿಲ್ಲದ, ನಾಲ್ಕು ವಾರಕ್ಕಿಂತ ಚಿಕ್ಕ ಮರಿ ಸಿಕ್ಕರೆ ಅದು ಮಕ್ಕಳ ಕೈಯಲ್ಲಿ ಆಗುವ ಕೆಲಸವಲ್ಲ. ಬೆಚ್ಚಗಿಟ್ಟು ಪಶುವೈದ್ಯರ ಬಳಿಗೆ ಒಯ್ಯಬೇಕು.

ಮನೆಗೆ ತಂದ ಮರಿಗೆ ಇಡೀ ಮನೆಯನ್ನು ಒಮ್ಮೆಲೇ ಬಿಟ್ಟುಕೊಟ್ಟರೆ ಅದು ಬೀರುವಿನ ಹಿಂದೆ ಸೇರಿ ಹೊರಗೆ ಬರುವುದೇ ಇಲ್ಲ. ಒಂದು ಚಿಕ್ಕ ಕೋಣೆ ಸಾಕು. ಬಾಗಿಲಿನಂತೆ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಬನಿಯನ್, ಒಂದು ಬಟ್ಟಲು ನೀರು, ದೂರದ ಮೂಲೆಯಲ್ಲಿ ಮರಳು ತುಂಬಿದ ಅಗಲ ತಟ್ಟೆ - ಇಷ್ಟಿದ್ದರೆ ಅದರ ಸಂಸಾರ ನಡೆಯುತ್ತದೆ. ಮರಳನ್ನು ಕೆರೆದು ಮುಚ್ಚುವ ಅಭ್ಯಾಸ ಮರಿಗೆ ತಾನಾಗಿಯೇ ಬರುತ್ತದೆ.

ಮೊದಲ ದಿನ ಅದು ಬುಸ್ ಎನ್ನುತ್ತದೆ, ಮೈ ಉಬ್ಬಿಸುತ್ತದೆ. ಅದು ಸಿಟ್ಟಲ್ಲ, ಭಯ. ಆಗ ಹಿಡಿಯಲು ಹೋಗದೆ ಆಹಾರವಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಬೇಕು. ಶಾಲೆಯ ಪಾಠವನ್ನು ಅಲ್ಲಿಯೇ ಕುಳಿತು ಮೆಲುದನಿಯಲ್ಲಿ ಓದಿಕೊಂಡರೆ ಎರಡು ಕೆಲಸ ಒಟ್ಟಿಗೆ ಆದಂತೆ: ಮಗುವಿಗೆ ಪಾಠ, ಮರಿಗೆ ಮಗುವಿನ ಧ್ವನಿಯ ಪರಿಚಯ. ದಿಟ್ಟಿಸಿ ನೋಡಿದರೆ ಬೆಕ್ಕು ಹೆದರುತ್ತದೆ. ನಿಧಾನವಾಗಿ ಕಣ್ಣು ಕಿರಿದು ಮಾಡಿ ಮಿಟುಕಿಸಿದರೆ ಬೆಕ್ಕುಗಳು ಹತ್ತಿರ ಬರಲು ಹೆಚ್ಚು ಒಪ್ಪುತ್ತವೆ ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ.

ಒಂದೆರಡು ದಿನಗಳಲ್ಲಿ ಬೆರಳ ತುದಿಯಿಂದ ಆಹಾರ ನೆಕ್ಕಲು ಬಿಡಬಹುದು. ತಿನ್ನುವುದರಲ್ಲಿ ಮಗ್ನವಾಗಿದ್ದಾಗ ಕೆನ್ನೆ, ಕಿವಿಯ ಹಿಂಭಾಗ ಮುಟ್ಟಬೇಕು; ತಲೆಯ ಮೇಲಿನಿಂದ ಕೈ ಇಳಿಸಬಾರದು. ಗೊರಗೊರ ಸದ್ದು ಕೇಳಿಸಿದ ದಿನ ಅರ್ಧ ಗೆದ್ದಂತೆ. ಆಟಕ್ಕೆ ದಾರಕ್ಕೆ ಕಟ್ಟಿದ ಕಾಗದದ ಉಂಡೆ ಬೇಕೇ ಹೊರತು ಕೈಬೆರಳಲ್ಲ. ಇಂದು ಬೆರಳು ಕಚ್ಚಿ ಆಡಿದ ಮರಿ ದೊಡ್ಡದಾದ ಮೇಲೂ ಅದನ್ನೇ ಆಟ ಎಂದುಕೊಳ್ಳುತ್ತದೆ. ಆಟ ಮುಗಿದ ಕೂಡಲೇ ದಾರವನ್ನು ಎತ್ತಿಡಬೇಕು, ನುಂಗಿದರೆ ಪ್ರಾಣಕ್ಕೆ ಅಪಾಯ. ಅಜ್ಜಿ, ಅಪ್ಪ, ಪಕ್ಕದ ಮನೆಯವರು ಹೀಗೆ ಹಲವರ ಕೈಗೆ ಒಗ್ಗಿದ ಮರಿ ಮುಂದೆ ಹೊಸಬರಿಗೂ ಹೆದರುವುದಿಲ್ಲ.

ಊಟದ ವಿಷಯವನ್ನು ಸಸ್ಯಾಹಾರಿ ಮನೆಯವರು ಮೊದಲೇ ಯೋಚಿಸಬೇಕು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಬೆಕ್ಕು ಮಾಂಸಾಹಾರಿ, ಮಾಂಸ, ಮೀನುಗಳಲ್ಲಿರುವ ಟೌರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮೊಸರನ್ನ ತಿಂದು ಬದುಕುವಂತೆ ಕಾಣುವ ಬೆಕ್ಕು ಹೊರಗೆ ಇಲಿ, ಹಲ್ಲಿ ಹಿಡಿದು ಸರಿದೂಗಿಸಿಕೊಂಡಿರುತ್ತದೆ. ಅಡುಗೆಮನೆಗೆ ಮಾಂಸ ಬರದ ಮನೆಯವರಿಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಒಂದು ದಾರಿ. ಈರುಳ್ಳಿ, ಬೆಳ್ಳುಳ್ಳಿ, ಪ್ಯಾರಾಸಿಟಮಾಲ್ ಮಾತ್ರೆ, ನೆಲ ಒರೆಸುವ ಫಿನಾಯಿಲ್ - ಇವೆಲ್ಲ ಬೆಕ್ಕಿಗೆ ವಿಷ.

ಮುಖ್ಯವಾದ ಮಾತೊಂದಿದೆ. ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಕಚ್ಚಿದ ಅಥವಾ ಪರಚಿದ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು. ‘ಮುಟ್ಟಬೇಡ ಎಂದಿರಲಿಲ್ಲವೇ?’ ಎಂಬ ಬೈಗುಳಕ್ಕೆ ಹೆದರಿ ಮಗು ಗಾಯವನ್ನು ಮುಚ್ಚಿಟ್ಟರೆ ಅನಾಹುತವಾದೀತು. ಹೇಳಿದರೆ ಯಾರೂ ಬೈಯುವುದಿಲ್ಲ ಎಂಬ ಧೈರ್ಯವನ್ನು ಪಾಲಕರು ಮೊದಲೇ ಕೊಡಬೇಕು. ಮನೆಗೆ ತಂದ ವಾರದಲ್ಲೇ ಮರಿಯನ್ನು ಪಶು ಆಸ್ಪತ್ರೆಗೆ ಒಯ್ದು ಜಂತುಹುಳುವಿನ ಔಷಧ ಕೊಡಿಸಿ, ಲಸಿಕೆಗಳ ದಿನ ಕೇಳಿ ಬರೆದಿಟ್ಟುಕೊಳ್ಳಬೇಕು. ಗರ್ಭಿಣಿಯರು ಮರಳಿನ ತಟ್ಟೆ ತೊಳೆಯಬಾರದು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ವರ್ಷದೊಳಗೆ ಅದೇ ಇಟ್ಟಿಗೆ ರಾಶಿಯಲ್ಲಿ ಇನ್ನೊಂದು ಸಂಸಾರ ಹುಟ್ಟುತ್ತದೆ.

ಎರಡು ಮೂರು ತಿಂಗಳು ದಾಟಿದ ಮರಿಯನ್ನೂ ಪಳಗಿಸಬಹುದು. ಆದರೆ ದಿನಗಳ ಬದಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮನುಷ್ಯರನ್ನು ಕಾಣದೆ ಬೆಳೆದ ದೊಡ್ಡ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕುವುದು ಅದಕ್ಕೆ ಹಿಂಸೆ. ಶಸ್ತ್ರಚಿಕಿತ್ಸೆ ಮಾಡಿಸಿ, ಹೊರಗೇ ಬಿಟ್ಟು ಅನ್ನ ನೀರು ಕಾಣಿಸುವುದೇ ಅದಕ್ಕೆ ಮಾಡುವ ಉಪಕಾರ.

ಎಲ್ಲಕ್ಕಿಂತ ಕೆಟ್ಟದ್ದು ಅರ್ಧ ಪಳಗಿಸಿ ಬಿಡುವುದು. ರಜೆಯಲ್ಲಿ ಮುದ್ದು ಮಾಡಿ, ಶಾಲೆ ಶುರುವಾದಾಗ ಮಾರುಕಟ್ಟೆಯ ಹತ್ತಿರ ಬಿಟ್ಟು ಬಂದರೆ ಆ ಮರಿಗೆ ಬೇಟೆಯೂ ಬರುವುದಿಲ್ಲ, ಜನರ ಭಯವೂ ಇರುವುದಿಲ್ಲ. ಬೀದಿಯಲ್ಲಿ ಅದನ್ನು ಕಾಯುತ್ತಿದ್ದುದು ಆ ಭಯವೇ. ಮನೆಯ ಬೆಕ್ಕು 12-15 ವರ್ಷ ಬದುಕಬಹುದು. ಇಂದು ಐದನೇ ತರಗತಿಯಲ್ಲಿರುವ ಮಗು ಕಾಲೇಜು ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗಲೂ ಬೆಕ್ಕು ಮನೆಯಲ್ಲೇ ಇರುತ್ತದೆ. ಆಗ ಅದರ ತಟ್ಟೆ ತೊಳೆಯುವವರು ತಂದೆ ತಾಯಿಯೇ. ಹಾಗಾಗಿ ‘ಒಂದೇ ಒಂದು ಮರಿ’ ಎಂಬ ಮಾತನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸಿ, ‘ಹೂಂ’ ಅಥವಾ ‘ಬೇಡ’ ಎಂದು ಆ ವಾರದಲ್ಲೇ ತೀರ್ಮಾನಿಸುವುದು ಮಗುವಿಗೂ ಮರಿಗೂ ಕ್ಷೇಮ.