ಕೊಲ್ಲುವ ಗುಣವೆಲ್ಲ ಔಷಧವಲ್ಲ

ತುಂಗೆ-ಭದ್ರೆಯರು ನಮ್ಮ ಬೆಟ್ಟಗಳಿಂದಿಳಿದು, ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ಮುಟ್ಟುತ್ತಾರೆ. ದಾವಣಗೆರೆಯೂ ಕುಡಿಯುವುದು ಈ ನೀರನ್ನೇ. ಅಲ್ಲಿನ ಹೊಳೆ-ಕೆರೆಗಳ ಅಂತರಗಂಗೆಯ ಸಾರವು ಅಗರ್ ತಟ್ಟೆಯಲ್ಲಿ ರೋಗಾಣುಗಳ ಬೆಳವಣಿಗೆಯನ್ನು ತಡೆದರೂ, ಔಷಧ ಸಿಕ್ಕಿತೆಂದು ಹಿಗ್ಗುವ ಮುನ್ನ ಇನ್ನೊಂದು ಪರೀಕ್ಷೆ ಆಗಬೇಕು. ಸಾರ ಬೆರೆಸಿದ ಉಪ್ಪುನೀರಿನಲ್ಲಿ ಆರ್ಟೀಮಿಯಾ ಸೀಗಡಿಮರಿಗಳನ್ನು ಬಿಟ್ಟು, 24 ಗಂಟೆಗಳಲ್ಲಿ ಅರ್ಧದಷ್ಟು ಮರಿಗಳು ಸಾಯುವ ಪ್ರಮಾಣವನ್ನು ಕಂಡುಕೊಳ್ಳಬೇಕು.

ಮರಿಗಳು ಸತ್ತರೆ ವಿಷ ಗಿಡದ್ದೋ, ನೀರಿನದೋ? ಅಂತರಗಂಗೆಯ ಬೇರು ಕೊಳೆನೀರಿನ ಸೀಸ, ಕ್ಯಾಡ್ಮಿಯಂಗಳನ್ನು ಹೀರಿ ಕೂಡಿಡುತ್ತದೆ. ಆದುದರಿಂದ ವಿದ್ಯಾರ್ಥಿಗಳು ಗಿಡದೊಡನೆ ಅದು ಬೆಳೆದ ನೀರನ್ನೂ, ಶುದ್ಧ ನೀರಿನಲ್ಲಿ ಬೆಳೆದ ಗಿಡವನ್ನೂ ಪರೀಕ್ಷಿಸಲಿ. ತಂಬುಳಿಗೆ ಒಂದೆಲಗ ಕೀಳುವ ನಾವು ಚರಂಡಿ ಸೇರುವ ದಂಡೆಯನ್ನು ಬಿಡೋಣ. ಮೇಲಿನವರು ಹೊಳೆಗೆ ಬಿಟ್ಟದ್ದನ್ನೇ ಕೆಳಗಿನ ಗಿಡ ಉಣ್ಣುತ್ತದೆ.