ಹಾಲುಗಲ್ಲದ ಕೂಸಿಗೆ ಜ್ಯೂಸ್ ಯಾಕ್ರೀ?

ಬೇಸಿಗೆಯಲ್ಲಿ ಹೊಸಪೇಟೆಯಿಂದ ಹಂಪಿಗೆ ಹೊರಟ ಬಸ್ಸು ಹತ್ತಿ ನೋಡಿ. ಯಾವುದಾದರೂ ಸೀಟಿನಲ್ಲಿ ಕೈಗೂಸೊಂದು ಬಿಸಿಲಿಗೆ ಕಿರಿಕಿರಿ ಮಾಡಿ ಅಳುತ್ತಿರುತ್ತದೆ. ಅಪ್ಪ ಇಳಿದುಹೋಗಿ ಮಾವಿನಹಣ್ಣಿನ ಚಿತ್ರವಿರುವ ಪ್ಯಾಕೆಟ್ ತರುತ್ತಾನೆ, ಅಮ್ಮ ಸ್ಟ್ರಾ ಚುಚ್ಚಿ ಬಾಯಿಗಿಡುತ್ತಾಳೆ. ಕೂಸು ಗಪ್‌ಚುಪ್! "ಕುಡೀಲಿ ಬಿಡ್ರಿ, ಹಣ್ಣಿಂದೇ ಅಲ್ಲೇನು" ಅಂತ ಪಕ್ಕದ ಅಜ್ಜಿಯೂ ದನಿಗೂಡಿಸುತ್ತಾರೆ.

ನಿಮ್ಮನ್ನು ಬೈಯಲೆಂದು ಇದನ್ನು ಬರೆಯುತ್ತಿಲ್ಲ. ಕಂಪ್ಲಿ ಕಡೆಯವರಿಗಂತೂ ಕಬ್ಬಿನ ಗದ್ದೆ, ಆಲೆಮನೆ ಕಣ್ಣೆದುರಿನ ಬದುಕು. ಸಿಹಿ ಅಂದರೆ ನಮಗೆ ಪ್ರೀತಿ. ಹುಟ್ಟಿದ ಕೂಡಲೇ ನಾಲಗೆಗೆ ಜೇನು, ಎದೆಹಾಲು ಸಾಲದು ಅನಿಸಿದರೆ ಸಕ್ಕರೆ ನೀರು, ಹಲ್ಲು ಬರುವ ಹೊತ್ತಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. (ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಅಪರೂಪವಾದರೂ ಬೊಟುಲಿಸಂ ಎಂಬ ನಂಜು ಜೀವಕ್ಕೇ ಕುತ್ತು ತರಬಲ್ಲದು.) ಮಗುವಿಗೆ ಎರಡು ವರ್ಷ ತುಂಬುವವರೆಗೆ ಈ ಪ್ರೀತಿಯನ್ನು ಬೇರೆ ರೀತಿ ತೋರಿಸಿ ಅಂತಷ್ಟೇ ನಾನು ಕೇಳುವುದು.

"ಹಲ್ಲು ಹುಳುಕಾಗುತ್ತೆ, ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ" ಅಂತೀರಾ? ವಿಷಯ ಹಲ್ಲಿಗೆ ಮುಗಿಯುವುದಿಲ್ಲ. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ರೇಷನ್ 1953ರ ಸೆಪ್ಟೆಂಬರ್‌ವರೆಗೂ ಇತ್ತು. ಅದು ತೆಗೆದದ್ದೇ ತಡ, ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ರೇಷನ್ ತೆಗೆಯುವ ಮುಂಚೆ, ತೆಗೆದ ಆಮೇಲೆ ಹುಟ್ಟಿದವರನ್ನು ಹೋಲಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೊಟ್ಟೆಯಲ್ಲಿದ್ದಾಗಿನಿಂದ ಸುಮಾರು ಸಾವಿರ ದಿನ ಸಕ್ಕರೆ ಕಡಿಮೆ ಸಿಕ್ಕವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ಶೇ. 35ರಷ್ಟು, ಬಿಪಿಯ ಅಪಾಯ ಶೇ. 20ರಷ್ಟು ಕಡಿಮೆ! 2025ರಲ್ಲಿ ಬಂದ ಇನ್ನೊಂದು ಅಧ್ಯಯನ ಹೃದ್ರೋಗದ ಬಗ್ಗೆಯೂ ಇಂಥದ್ದೇ ಮಾತು ಹೇಳಿತು. ಅವರ ಊಟ ಬೇರೆ, ನಮ್ಮದು ಬೇರೆ, ನಿಜ. ಆದರೆ ಐವತ್ತರಲ್ಲಿ ಬರುವ ಕಾಯಿಲೆಗೆ ತೊಟ್ಟಿಲಲ್ಲೇ ಬೇರು ಇರಬಹುದು ಅನ್ನುವುದು ನಮ್ಮ ನಾಡಿನಲ್ಲೂ ಕಂಡ ಸಂಗತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ್ದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗ; 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3 ಮಾತ್ರ. ಸಣ್ಣಗೆ ಹುಟ್ಟುವ ಕೂಸುಗಳು ನಮ್ಮಲ್ಲಿ ಕಡಿಮೆಯೇನಲ್ಲ. "ಸೊರಗಿದೆ, ಸಿಹಿ ಕುಡಿಸಿ ಗುಂಡಗೆ ಮಾಡೋಣ" ಅನ್ನುವುದು ಅಂಥ ಮಗುವಿಗೆ ನಾವು ಮಾಡುವ ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಒಂದು 200 ಮಿ.ಲೀ. ಪ್ಯಾಕೆಟ್ಟಿನಲ್ಲಿ ನಾಲ್ಕೈದು ಚಮಚ ಸಕ್ಕರೆ ಇರುವುದು ಮಾಮೂಲು. ಹಿಂದೆ ತಿರುಗಿಸಿ ಓದಿ. ಮನೆಯಲ್ಲೇ ಹಿಂಡಿದ ಜ್ಯೂಸೂ ಎರಡು ವರ್ಷದೊಳಗೆ ಬೇಡ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. "ಬೆಲ್ಲ ಒಳ್ಳೇದಲ್ವಾ?" ಬೆಲ್ಲವೂ ಬಹುಪಾಲು ಸಕ್ಕರೆಯೇ, ತಾಯಿ. ಕಬ್ಬಿನ ಹಾಲೂ ಅಷ್ಟೆ.

ಭೇದಿಯಾದಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಓಆರ್‌ಎಸ್ ಎಂಬ ಹೆಸರು ಹಚ್ಚಿಕೊಂಡ ಸಿಹಿ ಪಾನೀಯಗಳನ್ನೇ ಎಷ್ಟೋ ತಾಯಂದಿರು ಔಷಧಿ ಅಂತ ನಂಬಿ ಕುಡಿಸಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ ಬರೀ 13.5 ಗ್ರಾಂ ಗ್ಲೂಕೋಸ್, ಜೊತೆಗೆ ಲವಣಗಳು. ಆಶಾ ಕಾರ್ಯಕರ್ತೆಯರು ಕೊಡುವ ಪುಡಿಯೇ ಸಾಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ಹಾಗಾದರೆ ಏನು ಕೊಡಬೇಕು? ಆರು ತಿಂಗಳವರೆಗೆ ಎದೆಹಾಲು ಮಾತ್ರ. ನಮ್ಮ ಬಳ್ಳಾರಿ ಸೀಮೆಯ ಬಿಸಿಲಲ್ಲೂ ನೀರು ಬೇಕಿಲ್ಲ, ಇನ್ನೊಂದೆರಡು ಸಲ ಹೆಚ್ಚು ಎದೆಗೆ ಹಾಕಿಕೊಳ್ಳಿ. ಆಮೇಲೆ ಎದೆಹಾಲಿನ ಜೊತೆ ಕುದಿಸಿ ಆರಿಸಿದ ನೀರು, ಸಕ್ಕರೆ ಹಾಕದ ರಾಗಿ ಗಂಜಿ, ಬೇಳೆಕಟ್ಟು ಕಲಸಿದ ಮೆತ್ತನೆ ಅನ್ನ. ಹಂಪಿಯ ಸುತ್ತ ಬಾಳೆತೋಟವಿದೆ, ಒಂದು ಹಣ್ಣು ಕಿವುಚಿ ತಿನ್ನಿಸಿ, ಅದರ ಸಿಹಿ ಸಾಕು.

ಅತ್ತೆಯವರು ಒಪ್ಪಲಿಲ್ಲ ಅಂದರೆ ಜಗಳಕ್ಕಿಳಿಯಬೇಡಿ. ಮುಂದಿನ ಚುಚ್ಚುಮದ್ದಿಗೆ ಅವರನ್ನೇ ಕರೆದುಕೊಂಡು ಹೋಗಿ, ಡಾಕ್ಟರ ಎದುರಿಗೇ ಕೇಳಿ. ಬಸ್ಸಿಗೆ ಹೊರಡುವಾಗ ಮಗುವಿನ ಚೀಲದಲ್ಲಿ ಎರಡು ಬಾಳೆಹಣ್ಣು, ಒಂದು ಲೋಟ, ಆರಿಸಿದ ನೀರು ಇರಲಿ.